ಬಳ್ಳಿಯ ವಿಚಾರಣೆ

ಥಿಯೆನ್‌ಲೀ ಬಳ್ಳಿ ಬೆಳೆಸುವುದು ದೊಡ್ಡ ವಿದ್ಯೆಯೇನಲ್ಲ. ಚಳಿಗಾಲದ ಕೊನೆಗೆ ಒಂದು ಗೇಣುದ್ದದ ಕಡ್ಡಿಯನ್ನು ನೀರು ನಿಲ್ಲದ ಜಾಗದಲ್ಲಿ ನೆಟ್ಟು, ಬುಡಕ್ಕೆ ಹುಲ್ಲು ಹಾಸಿ, ಅಕ್ಕಿ ತೊಳೆದ ನೀರು ಹೊಯ್ದು, ಮೇಲೊಂದು ಬಿದಿರಿನ ಚಪ್ಪರ ಹಾಕಿಕೊಟ್ಟರೆ ಅದು ತನ್ನ ಪಾಡಿಗೆ ತಾನು ಹಬ್ಬುತ್ತದೆ. ಬೇಸಿಗೆ ಹೊತ್ತಿಗೆ ಹಸಿರು ಬೆರೆತ ಹಳದಿ ಹೂವಿನ ಗೊಂಚಲು ಇಳಿಬಿಡುತ್ತದೆ, ಸಂಜೆಯಾದರೆ ಓಣಿಯೆಲ್ಲ ಘಮ್ಮೆನ್ನುತ್ತದೆ. ಆ ಹೂವನ್ನು ಗದ್ದೆಯೇಡಿಯ ಸಾರಿಗೆ ಹಾಕಿ ಒಂದು ಕುದಿ ಕುದಿಸಿದರೆ ಇನ್ನೊಂದು ಬಟ್ಟಲು ಅನ್ನ ತಾನಾಗಿ ಇಳಿಯುತ್ತದೆ. ಇಷ್ಟು ಸಲೀಸಾದ ಬಳ್ಳಿಯನ್ನು ಎಂಟು ವರ್ಷ ಸಾಕಿಯೂ ತಮ್ಮ ತಲೆಯ ಮೇಲೆ ಒಂದೇ ಒಂದು ಗೊಂಚಲು ಕಾಣದ ಮನುಷ್ಯರು ದೈ ನದಿಯ ಈ ದಂಡೆಯಲ್ಲಿ ಒಬ್ಬರೇ ಇದ್ದರು. ಅವರು ಖಿಯೆಮ್ ಮೇಷ್ಟ್ರು.

ಹೂ ಬಿಡುತ್ತಿರಲಿಲ್ಲ ಎಂದಲ್ಲ. ಬುಟ್ಟಿಗಟ್ಟಲೆ ಬಿಡುತ್ತಿತ್ತು, ಆದರೆ ಬೇಲಿಯ ಆಚೆ. ದಾಸವಾಳದ ಬೇಲಿಯ ಈಚೆಗೆ ಮೇಷ್ಟ್ರ ಹಿತ್ತಲು, ಆಚೆಗೆ ಲುವಾಳ ಅಂಗಳ. ಲುವಾಳ ಕಡೆ ನೆಲ ತಗ್ಗು, ಒಂದು ಮಳೆ ಬಿದ್ದರೆ ಪಾದ ಮುಳುಗುವಷ್ಟು ನೀರು ನಿಂತು ಬೇರು ಕೊಳೆಯುತ್ತದೆ. ಹಾಗಾಗಿ ಬುಡ ಮೇಷ್ಟ್ರ ಕಡೆ, ಚಪ್ಪರ ಮಾತ್ರ ಇಬ್ಬರ ಕಡೆಗೂ ಎಂದು ಮಾತಾಗಿತ್ತು. ಕಡ್ಡಿ ಕೊಟ್ಟವಳು ಲುವಾ. ಮೇಷ್ಟ್ರ ಹೆಂಡತಿ ಸ್ವಾನ್ ತೀರಿಕೊಂಡು ವರ್ಷ ತುಂಬಿದರೂ ಈ ಮನುಷ್ಯ ಹಿತ್ತಲ ಬಾಗಿಲನ್ನೇ ತೆಗೆಯುವುದಿಲ್ಲವಲ್ಲ ಎಂದು ಒಂದು ದಿನ ಬೇಲಿಯ ಮೇಲಿಂದ ಆ ಕಡ್ಡಿಯನ್ನು ಚಾಚಿದ್ದಳು. ಲುವಾ ಗಂಡನನ್ನು ಕಳೆದುಕೊಂಡದ್ದು ಅದಕ್ಕೂ ಬಹಳ ಹಿಂದೆ. ಸ್ವಾನ್‌ಳೂ ಅವಳೂ ಒಂದೇ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರು, ಒಂದೇ ಎಲೆಅಡಿಕೆ ಡಬ್ಬಿಗೆ ಕೈ ಹಾಕಿದವರು.

ಮೂವತ್ತೈದು ವರ್ಷ ಊರ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಬಳ್ಳಿಯನ್ನೂ ಮೂರನೇ ಕ್ಲಾಸಿನ ತುಂಟನೆಂದೇ ತಿಳಿದಿದ್ದರು. ಬೆಳಗ್ಗೆ ಎದ್ದವರೇ ಚಿಗುರುಗಳನ್ನೆಲ್ಲ ಹಿಡಿದು ತಮ್ಮ ಕಡೆಗೆ ತಿರುಗಿಸಿ ಬಾಳೆನಾರಿನಲ್ಲಿ ಕಟ್ಟುವರು. ನಾಲ್ಕು ದಿನ ಕಳೆಯುವುದರೊಳಗೆ ಅವು ಕತ್ತು ತಿರುಗಿಸಿಕೊಂಡು ಮತ್ತೆ ಬೇಲಿಯಾಚೆ ಹೊರಟಿರುತ್ತಿದ್ದವು. ಗಿಡಹೇನು ಬಂತೆಂದು ಬೂದಿ ಎರಚುವರು, ಬಲಿತ ಎಲೆ ಕೀಳುವರು, ಸಾಲದೆಂದು ಮತ್ತೆ ಬುಡಕ್ಕೆ ಗೊಬ್ಬರ ಸುರಿಯುವರು. ಏನು ಮಾಡಿದರೂ ಇತ್ತ ಕಡೆ ಬರೀ ಎಲೆ. ಲುವಾ ತನ್ನ ಅಂಗಳದಲ್ಲಿ ನಿಂತು, ತಾಳೆಗರಿಯ ಟೋಪಿಯನ್ನೇ ಬುಟ್ಟಿ ಮಾಡಿಕೊಂಡು ಹೂ ಬಿಡಿಸುವಾಗ, ಆಚೆಗೆ ಕೇಳಿಸಲಿ ಎಂದೇ ಗೊಂಚಲುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದಳು. ಆಮೇಲೆ ಒಂದು ಬಟ್ಟಲು ಸಾರು ಬೇಲಿಯ ಮೇಲಿಂದ ಹೋಗುತ್ತಿತ್ತು. ಬಟ್ಟಲು ತೊಳೆದು ವಾಪಸು ಬರುವಾಗ ಅದರಲ್ಲಿ ಎರಡು ಬಾತುಮೊಟ್ಟೆಯೋ ಒಂದು ಹಿಡಿ ಲಿಚಿಹಣ್ಣೋ ಇರುತ್ತಿತ್ತು. ಸಾರು ಹೇಗಿತ್ತು ಎಂದು ಕೇಳಿದರೆ, ಉಪ್ಪು ಸರಿಯಾಗಿತ್ತು ಎನ್ನುವರು. ಎಂಟು ವರ್ಷ ಉಪ್ಪಿನ ಸಮಾಚಾರ ಬಿಟ್ಟು ಆ ಬಾಯಿಂದ ಬೇರೆ ಸಮಾಚಾರ ಬರಲಿಲ್ಲ. ಪ್ರಶ್ನೆ ಕೇಳಿ ಕೇಳಿ ಸವೆದ ನಾಲಿಗೆ ಅದು, ಮನಸ್ಸಿನಲ್ಲಿದ್ದದ್ದನ್ನು ಹೇಳುವ ಅಭ್ಯಾಸ ಅದಕ್ಕಾಗಿರಲಿಲ್ಲ.

ಇತ್ತ ಯಾಕೆ ಹೂ ಬಿಡುವುದಿಲ್ಲ ಎಂಬುದು ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಮೇಷ್ಟ್ರ ಹಿತ್ತಲಿನ ಹಲಸಿನ ಮರದ ಒಂದು ದಪ್ಪ ಕೊಂಬೆ ಅವರ ಪಾಲಿನ ಚಪ್ಪರದ ಮೇಲೆ ಕೊಡೆ ಹಿಡಿದ ಹಾಗೆ ಚಾಚಿಕೊಂಡಿತ್ತು. ಬಿಸಿಲೆಂಬುದು ಆ ಜಾಗಕ್ಕೆ ಬೀಳುತ್ತಲೇ ಇರಲಿಲ್ಲ. ಆದರೆ ಆ ಮರ ಸ್ವಾನ್ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಮನೆಯೊಡತಿ ಹೋದಳೆಂದು ಮರವೂ ಒಣಗಬಾರದಲ್ಲ, ಅದಕ್ಕೆ ಅವಳು ಸತ್ತ ದಿನ ಮೇಷ್ಟ್ರೇ ಅದರ ಕಾಂಡಕ್ಕೆ ಸೂತಕದ ಬಿಳಿ ಬಟ್ಟೆ ಕಟ್ಟಿದ್ದರು. ಆಮೇಲೆ ಅದರ ಒಂದು ರೆಂಬೆಯನ್ನೂ ಯಾರಿಂದಲೂ ಮುಟ್ಟಿಸಿರಲಿಲ್ಲ. ಅಂಥ ಮರಕ್ಕೆ ಮಚ್ಚು ಹಾಕಿ ಎಂದು ಹೇಳುವ ಗಂಡೆದೆ ಯಾರಿಗಿದೆ? ಊರನ್ನೆಲ್ಲ ನಾಲಿಗೆಯ ತುದಿಯಲ್ಲಿ ಆಡಿಸುವ ಲುವಾ ಕೂಡ ಆ ಮರದ ವಿಷಯಕ್ಕೆ ಮಾತ್ರ ಬಾಯಿ ಬಿಟ್ಟವಳಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಊರ ಬಾಯಿಗೆ ಬೀಗ ಹಾಕಿದವರುಂಟೇ? ಒಂದು ಮದುವೆಯ ಊಟದಲ್ಲಿ ಯಾವನೋ ಅಕ್ಕಿಯ ಹೆಂಡ ಏರಿದವನು, ಮೇಷ್ಟ್ರು ನೀರು ಹೊಯ್ಯೋದು ತಮ್ಮ ಹಿತ್ತಲಲ್ಲಿ, ಮನಸ್ಸು ಹೂ ಬಿಡೋದು ಮಾತ್ರ ಲುವಾಳ ಅಂಗಳದಲ್ಲಿ ಎಂದುಬಿಟ್ಟ. ಪಂಕ್ತಿಯೆಲ್ಲ ನಕ್ಕಿತು. ಲುವಾಳ ಮಗ ಲಾಮ್ ಅದೇ ಪಂಕ್ತಿಯಲ್ಲಿ ಕೂತಿದ್ದ. ನೀರೆತ್ತುವ ಪಂಪು ರಿಪೇರಿ ಮಾಡುವ, ತನ್ನ ಕೆಲಸವಾಯಿತು ತಾನಾಯಿತು ಎಂದಿರುವವನು ಅವನು. ಮೂವತ್ತು ದಾಟಿದ ಗಂಡಸು, ಮೇಷ್ಟ್ರ ಹತ್ತಿರವೇ ಅಕ್ಷರ ಕಲಿತವನು. ಕಿವಿ ಕೆಂಪಗೆ ಮಾಡಿಕೊಂಡು ಮನೆಗೆ ಬಂದವನು ಬೇಲಿ ತೆಗೆದು ಗೋಡೆ ಕಟ್ಟಿಸುತ್ತೇನೆ ಎಂದ. ಎರಡೇ ವಾರದಲ್ಲಿ ಇಟ್ಟಿಗೆ ಬಂದು ಅಂಗಳದಲ್ಲಿ ಬಿತ್ತು. ಐದನೇ ತಿಂಗಳ ಐದನೇ ದಿನದ ಹಬ್ಬ ಮುಗಿಯಲಿ, ಮಾರನೆಯ ದಿನವೇ ಗಾರೆಯವನು ಬರುತ್ತಾನೆ, ಚಪ್ಪರವನ್ನು ನಡುವಿಗೆ ಕೊಯ್ದು ಈ ಕಡೆಯ ಕಂಬ ಕೀಳಬೇಕು ಎಂದ.

ಲುವಾ ಆಗಲಿ ಎಂದಳು. ಬೇಡ ಎಂದರೆ ಮಗ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂಬುದಕ್ಕೆ ಅರವತ್ತೆರಡರ ಹೆಂಗಸು ಮಗನ ಮುಂದೆ ಏನು ಹೇಳಿಯಾಳು? ಹೇಳಬೇಕಾದವರು ಬೇಲಿಯಾಚೆ ಇದ್ದರು. ಅವರು ಒಂದು ಮಾತು, ಗೋಡೆ ಬೇಡ ಎಂಬ ಒಂದೇ ಒಂದು ಮಾತು ಹೇಳಿದರೆ ಸಾಕು, ಮಿಕ್ಕದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂದುಕೊಂಡು ಅದೇ ಸಂಜೆ ಬೇಲಿಯ ಹತ್ತಿರ ಹೋದಳು. ಮೇಷ್ಟ್ರು ಬೂದಿಯ ಡಬ್ಬ ಹಿಡಿದು ನಿಂತಿದ್ದರು. ಗೋಡೆಯ ವಿಷಯ, ಚಪ್ಪರ ಕೊಯ್ಯುವ ವಿಷಯ ಎಲ್ಲ ಹೇಳಿ ಮುಗಿಸಿ ಅವರ ಮುಖ ನೋಡಿದಳು. ಮೇಷ್ಟ್ರು ಬೇಲಿಯಾಚೆಯ ಇಟ್ಟಿಗೆ ರಾಶಿಯ ಕಡೆ ಕತ್ತು ಚಾಚಿ ನೋಡಿದರು.

"ಇಟ್ಟಿಗೆ ಚೆನ್ನಾಗಿ ಬೆಂದಿದೆಯಾ?"

"ಬೆಂದಿದೆ ಮೇಷ್ಟ್ರೇ. ಬೇಯದೆ ಉಳಿದಿರೋದು ನೀವೊಬ್ರೇ," ಎಂದು ಲುವಾ ದಡದಡನೆ ಒಳಗೆ ಹೋದಳು. ಅವತ್ತು ಅವಳು ಒರಳಿನಲ್ಲಿ ಏಡಿ ಕುಟ್ಟಿದ ಸದ್ದು ಮೂರು ಮನೆಗೆ ಕೇಳಿತು. ಬಟ್ಟಲು ಮಾತ್ರ ಬೇಲಿ ದಾಟಲಿಲ್ಲ.

ಹಬ್ಬದ ಬೆಳಗ್ಗೆ ಎಲ್ಲರೂ ಬರಿಹೊಟ್ಟೆಗೆ ಹುಳಿಸಿದ ಅಂಟಕ್ಕಿ ಅನ್ನ ತಿಂದು, ಹೊಟ್ಟೆಯ ಹುಳವೆಲ್ಲ ಸತ್ತವೆಂದು ನೆಮ್ಮದಿಯಾಗಿ, ಪ್ಲಮ್ ಹಣ್ಣು ಕಚ್ಚುತ್ತ ಕೂತಿದ್ದಾಗ, ಮೇಷ್ಟ್ರು ಈ ಸಲ ಬಳ್ಳಿಯ ವಿಚಾರಣೆ ಮಾಡುತ್ತಾರಂತೆ ಎಂಬ ಸುದ್ದಿ ಓಣಿಯಲ್ಲಿ ಹರಡಿತು. ಕಾಯಿ ಬಿಡದ ಮರಗಳಿಗೆ ಆ ದಿನ ನಡುಮಧ್ಯಾಹ್ನ ವಿಚಾರಣೆ ನಡೆಸುವುದು ಊರಲ್ಲಿ ಮೊದಲಿನಿಂದ ಇದ್ದದ್ದೇ. ಒಬ್ಬರು ಮಚ್ಚು ಹಿಡಿದು ಬುಡಕ್ಕೆ ಬಡಿದು ಕೇಳುವುದು, ಇನ್ನೊಬ್ಬರು ಎಲೆಯ ಮರೆಯಲ್ಲಿ ಕೂತು ಮರವಾಗಿ ಉತ್ತರ ಕೊಡುವುದು. ಪ್ರಶ್ನೆ ಮೂರೇ ಸುತ್ತು. ಮರ ಸುಳ್ಳು ಹೇಳುವ ಹಾಗಿಲ್ಲ, ಹೇಳಿದ್ದಕ್ಕೆ ಯಾರೂ ಆಮೇಲೆ ಮುನಿಸಿಕೊಳ್ಳುವ ಹಾಗಿಲ್ಲ, ಇನ್ನು ಬಿಡುತ್ತೇನೆಂದು ಮಾತು ಕೊಡದೆ ಮರವಾದವರು ಎದ್ದು ಬರುವ ಹಾಗಿಲ್ಲ. ಹಲಸು, ಲಿಚಿ, ಚಕ್ಕೋತಕ್ಕೆ ಈ ಮರ್ಯಾದೆ ಸಿಗುವುದುಂಟು. ಹೂಬಳ್ಳಿಯನ್ನು ಕಟಕಟೆಗೆ ಹತ್ತಿಸಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ, ಆದ್ದರಿಂದ ಲುವಾಳೂ ಅವಳ ಮಗನೂ ಸೇರಿ ಹದಿನೈದು ಇಪ್ಪತ್ತು ಜನ ಬಂದು ಹಿತ್ತಲಲ್ಲಿ ನೆರೆದರು.

ಬಳ್ಳಿಯಾಗಿ ಕೂರಬೇಕಾದವಳು ಮೇಷ್ಟ್ರ ತಂಗಿ ಮೋ. ಅವಳು ಹಣೆ ಒತ್ತಿಕೊಂಡು, ಬೆಳಗಿನ ಅಂಟಕ್ಕಿ ತಲೆಗೇರಿದೆ, ನೆಲ ತಿರುಗುತ್ತಿದೆ ಎಂದು ರಾಗ ಎಳೆದಳು. ಮೂರು ಬಟ್ಟಲು ತಿಂದರೂ ಜಗ್ಗದ ಹೆಂಗಸು ಅವಳು, ಇದು ನಾಟಕ ಎಂದು ಲುವಾಳಿಗೆ ಚೆನ್ನಾಗಿ ಗೊತ್ತಾಯಿತು. ಆದರೂ ಮೋ ರಟ್ಟೆ ಹಿಡಿದು ನೂಕಿದಾಗ ಸುಮ್ಮನೆ ಹೋಗಿ ಚಪ್ಪರದಡಿಯ ಗಿಡ್ಡ ಸ್ಟೂಲಿನ ಮೇಲೆ, ಇಳಿಬಿದ್ದ ಎಲೆಗಳ ಹಿಂದೆ ಕೂತಳು. ಕೂತ ಕೂಡಲೇ ಕಟ್ಟಿರುವೆ ಕಾಲಿಗೆ ಹತ್ತಿತು. ಎಲೆಯ ಸಂದಿಯಿಂದ ಮೇಷ್ಟ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ಕಾಣುತ್ತಿತ್ತು. ಅವರ ಹಿಂದೆ ಲಾಮ್ ಕೈಕಟ್ಟಿ ನಿಂತಿದ್ದ, ಗೋಡೆಗೆ ಅಳತೆ ಹಿಡಿಯುವ ದಾರದುಂಡೆ ಅವನ ಜೇಬಿನಿಂದ ಇಣುಕುತ್ತಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮಚ್ಚಿನ ಹಿಂಬದಿಯಿಂದ ಬಳ್ಳಿಯ ಬುಡಕ್ಕೆ ಬಡಿದರು.

"ಏಯ್ ಬಳ್ಳಿ, ಎಂಟು ವರ್ಷ ನಿನಗೆ ನೀರು ಹೊಯ್ದೋನು ಯಾರು?"

"ತಾವೇ ಸ್ವಾಮಿ," ಎಂದಿತು ಬಳ್ಳಿ.

"ಗೊಬ್ಬರ ಹಾಕಿದೋನು?"

"ತಾವೇ. ಸ್ವಲ್ಪ ಜಾಸ್ತೀನೇ ಆಯ್ತು ಸ್ವಾಮಿ, ನನಗೆ ಬೊಜ್ಜು ಬಂದಿದೆ."

ಜನ ನಕ್ಕರು. ಮೇಷ್ಟ್ರು ಕ್ಲಾಸಿನಲ್ಲಿ ಗಲಾಟೆ ಎದ್ದಾಗಿನ ಹಾಗೆ ಸುತ್ತ ಒಮ್ಮೆ ಗುರಾಯಿಸಿದರು.

"ಹಾಗಿದ್ಮೇಲೆ ಹೂವೆಲ್ಲ ಪಕ್ಕದ ಮನೆಗೆ ಕೊಡೋದು ಯಾವ ನ್ಯಾಯ?"

"ಪಕ್ಕದ ಮನೇಲಿ ಹೂ ನೋಡಿ ಚೆನ್ನಾಗಿದೆ ಅಂತಾರೆ ಸ್ವಾಮಿ. ತಾವಾದ್ರೆ ಉಪ್ಪು ಸರಿಯಾಗಿದೆ ಅಂತೀರಿ."

ಈ ಸಲ ಮೋ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತಳು, ತಲೆ ತಿರುಗುವುದು ಅವಳಿಗೆ ಮರೆತೇಹೋಗಿತ್ತು. ಮೇಷ್ಟ್ರ ಕತ್ತು ಕೆಂಪಾಯಿತು. ಎರಡನೇ ಸುತ್ತಿಗೆ ಮಚ್ಚು ಸ್ವಲ್ಪ ಜೋರಾಗಿಯೇ ಬಿತ್ತು.

"ಇತ್ತ ಕಡೆ ಹೂ ಬಿಡ್ತೀಯೋ ಇಲ್ವೋ? ಇಲ್ಲ ಅಂದ್ರೆ ಇವತ್ತೇ ಬುಡ ಸಮೇತ ತೆಗೀತೀನಿ."

ಇಲ್ಲಿ ಮರಗಳೆಲ್ಲ ಹೇಳುವುದು ಒಂದೇ ಮಾತು: ಕಡೀಬೇಡಿ ಸ್ವಾಮಿ, ಬಿಡ್ತೀನಿ. ಲುವಾಳ ಬಾಯಿಗೂ ಅದೇ ಬಂದಿತ್ತು. ಆದರೆ ನಾಳೆ ಇಷ್ಟು ಹೊತ್ತಿಗೆ ಈ ಚಪ್ಪರ ಎರಡು ಹೋಳಾಗಿರುತ್ತದೆ, ಇತ್ತ ಬಿಟ್ಟರೇನು ಅತ್ತ ಬಿಟ್ಟರೇನು ಎನಿಸಿತು. ಎಂಟು ವರ್ಷ ನುಂಗಿಕೊಂಡದ್ದು ತಾನಾಗಿ ಹೊರಗೆ ಬಂತು.

"ಬಿಸಿಲಿಲ್ದೆ ಹೆಂಗೆ ಬಿಡ್ಲಿ ಸ್ವಾಮಿ? ಚಿಗುರು ಹಿಡಿದು ಹಿಡಿದು ಕಟ್ತೀರಲ್ಲ, ಒಂದು ದಿನ ತಲೆ ಎತ್ತಿ ಮೇಲೆ ನೋಡಿದ್ರಾ?"

ನಗು ನಿಂತುಹೋಯಿತು. ಯಾರೂ ಮೇಲೆ ನೋಡಲಿಲ್ಲ, ಅಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರೊಬ್ಬರೇ ನಿಧಾನವಾಗಿ ಮುಖ ಎತ್ತಿ ಹಲಸಿನ ಕೊಂಬೆಯನ್ನು ನೋಡಿದರು.

"ಅದು ಸ್ವಾನ್ ನೆಟ್ಟಿದ್ದು," ಎಂದರು. ಅದು ಮಚ್ಚು ಹಿಡಿದವರ ದನಿಯಾಗಿರಲಿಲ್ಲ.

"ನನಗೆ ಗೊತ್ತಿಲ್ವಾ? ಗುಂಡಿ ತೋಡಿದ ದಿನ ನೀರು ಹೊತ್ತು ತಂದೋಳು ನಾನು. ಮರ ಕಡೀರಿ ಅಂದ್ನಾ? ಒಂದು ಕೊಂಬೆ ತೆಗೆದ್ರೆ ಅವಳೇನೂ ಮುನಿಸ್ಕೊಳಲ್ಲ." ಬಳ್ಳಿಯ ದನಿಯೂ ಬಳ್ಳಿಯದಾಗಿ ಉಳಿದಿರಲಿಲ್ಲ.

ಮೂರನೆಯ ಸುತ್ತು ಬಾಕಿ ಇತ್ತು. ಮೇಷ್ಟ್ರು ಬುಡಕ್ಕೆ ಬಡಿಯುವುದನ್ನು ಮರೆತರು. ಮಚ್ಚನ್ನು ಮಡಚಿದ ಕೊಡೆಯ ಹಾಗೆ ಕೆಳಗೆ ಇಳಿಬಿಟ್ಟುಕೊಂಡು, ಎಲೆಗಳ ಕಡೆಗೆ ಸ್ವಲ್ಪ ಬಾಗಿದರು.

"ನಾಳೆ ಗೋಡೆ ಏಳುತ್ತೆ. ಎದ್ದ ಮೇಲೆ ನೀನು ಯಾವ ಕಡೆ ಇರ್ತೀಯ, ಲುವಾ?"

ಬಳ್ಳಿಗೆ ಯಾವಾಗ ಹೆಸರಿಟ್ಟೆ ಅಣ್ಣಾ ಎಂದು ಮೋ ಹಿಂದಿನಿಂದ ಕೇಳಿದಳು. ಆದರೆ ಯಾರೂ ನಗಲಿಲ್ಲ. ಮೇಷ್ಟ್ರು ಲುವಾಳನ್ನು ಬರೀ ಹೆಸರಿನಿಂದ, ನೀನು ಎಂದು ಕರೆದದ್ದನ್ನು ಊರು ಅದೇ ಮೊದಲು ಕೇಳಿದ್ದು. ಲುವಾ ಎಲೆಯ ಮರೆಯಿಂದಲೇ ಉತ್ತರ ಕೊಟ್ಟಳು.

"ಯಾರು ಕೇಳ್ತಾರೋ ಅವರ ಕಡೆ ಇರ್ತೀನಿ. ಎಂಟು ವರ್ಷ ಆಯ್ತು, ಯಾರೂ ಕೇಳಲಿಲ್ಲ."

ಮೇಷ್ಟ್ರು ಮಚ್ಚನ್ನು ನೆಲದ ಮೇಲಿಟ್ಟರು. ಯಾರ ಮುಖವನ್ನೂ ನೋಡದೆ ಮನೆಯೊಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡರು.

ಅಷ್ಟು ಹೊತ್ತು ಹಬ್ಬವಾಗಿದ್ದ ಹಿತ್ತಲು ಸಾವಿನ ಮನೆಯಾಯಿತು. ಮುನಿಸಿಕೊಳ್ಳುವ ಹಾಗಿಲ್ಲ ಎಂಬುದು ಪದ್ಧತಿಯೇನೋ ಹೌದು, ಆದರೆ ಮನುಷ್ಯನಿಗೆ ನೋವಾದರೆ ಪದ್ಧತಿ ಅಡ್ಡ ಬರುತ್ತದೆಯೇ? ಒಬ್ಬೊಬ್ಬರಾಗಿ ಜನ ಜಾರಿಕೊಂಡರು. ಲುವಾ ಕೂತಲ್ಲೇ ಕೂತಿದ್ದಳು. ಸತ್ತವಳ ಮರವನ್ನು ಊರ ಮುಂದೆ ಎಳೆದು ತಂದೆನಲ್ಲ, ಈ ಹಾಳು ನಾಲಿಗೆಗೆ ಬೆಂಕಿ ಬೀಳ ಎಂದು ತನ್ನನ್ನೇ ಬೈದುಕೊಂಡಳು. ಗೋಡೆ ಎದ್ದರೆ ಏಳಲಿ, ಬೇಲಿಯಾಚೆಯಿಂದ ಉಪ್ಪಿನ ಸಮಾಚಾರವಾದರೂ ಬರುತ್ತಿತ್ತು, ಇನ್ನು ಅದೂ ಇಲ್ಲ ಎನಿಸಿತು.

ಲಾಮ್ ಎಲೆ ಸರಿಸಿಕೊಂಡು ಒಳಗೆ ಬಂದ. ಏಳಮ್ಮ, ಮನೆಗೆ ಹೋಗೋಣ ಎಂದ.

"ಮಾತು ಕೊಡದೆ ಏಳೋ ಹಾಗಿಲ್ಲ," ಎಂದಳು ಲುವಾ.

ಮಗ ಅವಳ ಎದುರು ಕುಕ್ಕರಗಾಲಲ್ಲಿ ಕೂತ. "ಗೋಡೆ ಬೇಡ ಅಂತ ನನಗೆ ಒಂದು ಮಾತು ಹೇಳ್ಬೋದಿತ್ತಲ್ಲಮ್ಮ."

"ಯಾಕೆ ಅಂತ ಕೇಳ್ತಿದ್ದೆ."

"ಕೇಳ್ತಿದ್ದೆ," ಎಂದು ಲಾಮ್ ಒಪ್ಪಿಕೊಂಡ. ಮತ್ತೇನೂ ಕೇಳಲಿಲ್ಲ. ತಾಯಿಯ ಕಾಲಿಗೆ ಹತ್ತಿದ್ದ ಇರುವೆಗಳನ್ನು ಒಂದೊಂದಾಗಿ ಕೈಯಿಂದ ಒರೆಸಿ ಹಾಕುತ್ತ ಅಲ್ಲೇ ಕೂತ. ಸಣ್ಣವನಿದ್ದಾಗ ಅವನ ಕಾಲಿನ ಕೆಸರನ್ನು ಅವಳು ಹೀಗೇ ಒರೆಸುತ್ತಿದ್ದಳು. ಲುವಾಳಿಗೆ ಅಳು ಬಂದೇಬಿಟ್ಟಿತು.

ಆಗ ಮನೆಯೊಳಗಿಂದ ಊದಿನಕಡ್ಡಿಯ ವಾಸನೆ ಬಂತು. ಹಿಂದೆಯೇ ಪಿಂಗಾಣಿ ತಟ್ಟೆಗೆ ನಾಣ್ಯ ಬಿದ್ದ ಟಿಣ್ ಎಂಬ ಸದ್ದು. ಜಗಲಿಯಲ್ಲಿ ಉಳಿದಿದ್ದ ಮೋ ತಟ್ಟನೆ ಎದ್ದು ನಿಂತಳು. ಸತ್ತವರನ್ನು ಏನಾದರೂ ಕೇಳಬೇಕಾದರೆ ಎಲ್ಲರ ಮನೆಯಲ್ಲೂ ಮಾಡುವುದು ಇದನ್ನೇ. ಒಂದು ಮುಖಕ್ಕೆ ಸುಣ್ಣ ಬಳಿದ ಎರಡು ಹಳೆಯ ನಾಣ್ಯಗಳನ್ನು ತಟ್ಟೆಗೆ ಹಾಕುತ್ತಾರೆ. ಒಂದು ಬಿಳಿ, ಒಂದು ಕಪ್ಪು ಬಿದ್ದರೆ ಅವರು ಒಪ್ಪಿದರು. ಎರಡೂ ಕಪ್ಪು ಬಿದ್ದರೆ ಇಲ್ಲ ಎಂದರು. ಎರಡೂ ಬಿಳಿ ಬಿದ್ದರೆ ಅವರು ನಗುತ್ತಿದ್ದಾರೆ, ಮತ್ತೆ ಕೇಳಬೇಕು.

ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಎರಡನೇ ಸಲ ಟಿಣ್ ಎಂದಿತು. ಇನ್ನೂ ಹೆಚ್ಚು ಹೊತ್ತಿನ ಮೇಲೆ ಮೂರನೇ ಸಲ. ಲುವಾ ಮಗನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಬಾಗಿಲು ತೆರೆಯಿತು. ಮೇಷ್ಟ್ರ ಕಣ್ಣು ಕೆಂಪಾಗಿತ್ತು. ಊದಿನಕಡ್ಡಿಯ ಹೊಗೆಯಿಂದ ಎಂದು ಹೇಳಿದ್ದರೆ ಆ ಹೊತ್ತಿಗೆ ಮೋ ಕೂಡ ನಂಬುತ್ತಿದ್ದಳು, ಆದರೆ ಅವರು ಹೇಳಲಿಲ್ಲ. ನೆಟ್ಟಗೆ ಚಪ್ಪರದ ಹತ್ತಿರ ಬಂದು ನಿಂತರು. ಲಾಮ್ ಎದ್ದು ಪಕ್ಕಕ್ಕೆ ಸರಿದ.

"ಏನಂದ್ಲು?" ಎಂದು ಲುವಾ ಎಲೆಯ ಮರೆಯಿಂದಲೇ ಕೇಳಿದಳು.

"ಮೊದಲು, ಕೊಂಬೆ ಕಡೀಲಾ ಅಂತ ಕೇಳ್ದೆ. ನಕ್ಕಳು."

"ಆಮೇಲೆ?"

"ಗೋಡೆ ಬೇಡ ಅಂತ ಲಾಮ್‌ಗೆ ಹೇಳ್ಲಾ ಅಂತ ಕೇಳ್ದೆ. ಅದಕ್ಕೂ ನಕ್ಕಳು."

"ಮೂರನೇ ಸಲ?"

ಮೇಷ್ಟ್ರು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡರು. "ಮೂರನೇ ಸಲ ಸುತ್ತಿ ಬಳಸಿ ಕೇಳಲಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನೇ ಕೇಳ್ದೆ. ಆಗಲಿ ಅಂದ್ಲು."

ಲುವಾಳಿಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಸ್ವಾನ್ ನಗುವುದು ಹೇಗೆಂದು ಅವಳಿಗೆ ಗೊತ್ತಿತ್ತು, ಗದ್ದೆಯ ಈ ತುದಿಯಲ್ಲಿ ನಕ್ಕರೆ ಆ ತುದಿಗೆ ಕೇಳುತ್ತಿತ್ತು. ರವಿಕೆಯ ತೋಳಿನಲ್ಲೇ ಕಣ್ಣೊರೆಸಿಕೊಂಡು, ಸಾಧ್ಯವಾದಷ್ಟು ಬಿಗುವಾಗಿ ಹೇಳಿದಳು.

"ಸತ್ತೋಳನ್ನ ಕೇಳಿದ್ದಾಯ್ತಲ್ಲ ಮೇಷ್ಟ್ರೇ. ಬದುಕಿರೋಳನ್ನ ಯಾವಾಗ ಕೇಳ್ತೀರಿ?"

ಮೇಷ್ಟ್ರು ಇಸ್ತ್ರಿಯ ಪರಿವೆಯಿಲ್ಲದೆ ಮಣ್ಣಿನಲ್ಲಿ ಮೊಣಕಾಲೂರಿದರು. ಎರಡೂ ಕೈಯಿಂದ ಎಲೆಗಳನ್ನು ಬದಿಗೆ ಸರಿಸಿ ಏನನ್ನೋ ಕೇಳಿದರು. ಏನು ಕೇಳಿದರೆಂದು ಮೋ ಎಷ್ಟು ಕತ್ತು ಉದ್ದ ಮಾಡಿದರೂ ಕೇಳಿಸಲಿಲ್ಲ. ಉತ್ತರ ಮಾತ್ರ ಓಣಿಗೆಲ್ಲ ಕೇಳಿಸಿತು, ಲುವಾಳಿಗೆ ಮೆಲ್ಲಗೆ ಮಾತಾಡಿ ಗೊತ್ತಿರಲಿಲ್ಲ.

"ಹೂಂ ಅಂತೀನಿ, ಅದಕ್ಕೇನು. ಮೊದಲು ಕೈ ಕೊಡಿ, ಕಾಲು ಜೋಮು ಹಿಡಿದಿದೆ."